ಬಾಣಂತಿ ಕೋಣೆಯ ಬಿಸಿಲುಗೋಡೆ

ಹೊತ್ತು ಮುಳುಗುತ್ತಿದ್ದಂತೆ ಊಟಿಯ ಆ ಇಳಿಜಾರಿನ ಓಣಿಯಲ್ಲಿ ಒಂದೊಂದೇ ಮನೆಯ ಗೋಡೆ ಬೆಚ್ಚಗಾಗತೊಡಗಿತು. ಬೆಂಕಿಯಿಲ್ಲ, ಹೊಗೆಯಿಲ್ಲ. ಮಾಡಿನ ಮೇಲೆ ಮೂರೇ ಮೂರು ಸೋಲಾರ್ ಫಲಕ. ಅವು ಹಗಲೆಲ್ಲ ಹಿಡಿದಿಟ್ಟ ಬಿಸಿಲು ಸಂಜೆ ಮೆಲ್ಲಗೆ ಕೋಣೆಗಿಳಿಯುತ್ತಿತ್ತು. ಮನೆಯಿಡೀ ಬಿಸಿಯಾಗುವಷ್ಟಲ್ಲ, ಒಂದು ಕೋಣೆಗೆ ಸಾಕು. ಎದುರು ಮನೆಯ ಮುದುಕರು ಆಗಲೇ ಸ್ವೆಟರ್ ಕಳಚಿ, ಗೋಡೆಗೆ ಬೆನ್ನು ಕೊಟ್ಟು ಹಾಯಾಗಿ ಕಾಫಿ ಹೀರುತ್ತಿದ್ದರು.

ಕಿಟಕಿಯಿಂದ ಅದನ್ನು ಕಂಡ ದಾಕ್ಷಾಯಿಣಮ್ಮನವರಿಗೆ ಹೊಟ್ಟೆ ಉರಿದುಹೋಯಿತು. ಅವರ ಮನೆಗೂ ಅದೇ ಫಲಕ, ಅದೇ ಗೋಡೆ. ಆದರೆ ಕೋಣೆ ಮಾತ್ರ ಐಸ್ ಪೆಟ್ಟಿಗೆ! ಆ ಕೋಣೆಯಲ್ಲಿ ಮಗಳು ಇಂಚರ ತಿಂಗಳು ತುಂಬದೆ ಹುಟ್ಟಿದ ಕೂಸನ್ನು ಎದೆಗವಚಿಕೊಂಡು ಮಲಗಿದ್ದಳು. ಬೆಳಿಗ್ಗೆ ಆಸ್ಪತ್ರೆಯವರು, "ಮಗುವಿನ ಮೈ ಆರಬಾರದು. ಮನೆ ಬೆಚ್ಚಗಿಲ್ಲದಿದ್ದರೆ ಇನ್ನೊಂದು ವಾರ ಇಲ್ಲೇ ಇರಲಿ" ಅಂದಿದ್ದರು. "ನಮ್ಮನೇಲಿ ಬಿಸಿಲುಗೋಡೆ ಇದೆ" ಎಂದು ಈಯಮ್ಮನೇ ಜಂಬದಿಂದ ಕರೆತಂದಿದ್ದರು. ಈಗ ಕೂಸಿನ ಅಂಗಾಲು ಮುಟ್ಟಿದರೆ ತಣ್ಣಗಿತ್ತು.

ಹೀಟರ್ ಹಾಕೋಣವೆಂದರೆ ಚಳಿಗಾಲದ ಸಂಜೆ ಬೆಟ್ಟದ ಮನೆಗಳಿಗೆ ದೀಪ ಉರಿಯುವಷ್ಟೇ ಕರೆಂಟು. ಇನ್ನು ಉಳಿದದ್ದು ಅಗ್ಗಿಷ್ಟಿಕೆ.

ಅಗ್ಗಿಷ್ಟಿಕೆ ಎಂದೊಡನೆ ದಾಕ್ಷಾಯಿಣಮ್ಮನವರಿಗೆ ಹಳೆಯದೆಲ್ಲ ನೆನಪಾಯಿತು. ಅವರಿನ್ನೂ ಹುಡುಗಿಯಾಗಿದ್ದಾಗ ಅವರ ಅಕ್ಕ ಗಿರಿಜಾ ಇದೇ ಮನೆಯಲ್ಲಿ ಬಾಣಂತಿಯಾಗಿದ್ದಳು. ಚಳಿಯೆಂದು ಬಾಗಿಲು, ಕಿಟಕಿ, ಸಂದುಗೊಂದು ಎಲ್ಲ ಮುಚ್ಚಿ, ಮಂಚದ ಕೆಳಗೆ ಕೆಂಡ ಇಟ್ಟಿದ್ದರು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆಳಿಗ್ಗೆ ತಾಯಿಯೂ ಏಳಲಿಲ್ಲ, ಮಗುವೂ ಏಳಲಿಲ್ಲ.

ಇದ್ದಿಲ ಚೀಲದ ಮುಂದೆ ಒಂದು ಗಳಿಗೆ ನಿಂತು, ದಾಕ್ಷಾಯಿಣಮ್ಮ ಫೋನ್ ಎತ್ತಿಕೊಂಡರು.

"ಡಾಕ್ಟ್ರಮ್ಮ, ನಿಮ್ಮ ಗೋಡೆ ಕೈ ಕೊಡ್ತು. ಈಗ್ಲೇ ಬನ್ನಿ. ಇಲ್ಲಾಂದ್ರೆ ನಾನು ಕೆಂಡ ಹಾಕಬೇಕಾಗ್ತದೆ."

"ಕೆಂಡ ಬೇಡ, ದಾಕ್ಷಾಯಿಣಮ್ಮ! ಬಂದೆ, ಬಂದೆ!"

ಡಾಕ್ಟರ್ ನಫೀಸಾ ಔಷಧಿ ಕೊಡುವ ಡಾಕ್ಟರಲ್ಲ, ಬಿಸಿಲುಗೋಡೆ ಕಂಡುಹಿಡಿದ ವಿಜ್ಞಾನಿ. ಎರಡು ಓಣಿ ಮೇಲಿದ್ದ ಪ್ರಯೋಗಾಲಯದಿಂದ ಏದುಸಿರು ಬಿಡುತ್ತ ಓಡಿಬಂದರು. ಬಾಗಿಲಲ್ಲೇ ನಿಂತು ಫೋನಿನಲ್ಲಿ ಗೋಡೆಯ ಲೆಕ್ಕ ನೋಡಿದವರ ಹುಬ್ಬು ಗಂಟಿಕ್ಕಿತು.

"ವಿಚಿತ್ರ ಕಣಮ್ಮ. ನಿಮ್ಮ ಗೋಡೆ ಕೆಟ್ಟಿಲ್ಲ. ಓಣಿಯಲ್ಲೆಲ್ಲ ಹೆಚ್ಚು ಬಿಸಿ ಇರೋದೇ ನಿಮ್ಮ ಗೋಡೆ. ಒಳಗಿನ ಉಪ್ಪು ಇನ್ನೂ ಹೆಪ್ಪುಗಟ್ಟೇ ಇಲ್ಲ."

"ಉಪ್ಪೋ ಬೆಲ್ಲವೋ, ಕೂಸಿನ ಕಾಲು ತಣ್ಣಗಾಗಿದೆಯಲ್ಲ!"

"ತುಪ್ಪ ನೋಡಿದ್ದೀರಲ್ಲ? ಕರಗೋವಾಗ ಬಿಸಿ ಕುಡಿಯುತ್ತೆ, ಮತ್ತೆ ಗಟ್ಟಿಯಾಗೋವಾಗ ಅದನ್ನೇ ವಾಪಸ್ ಕೊಡುತ್ತೆ. ಇಟ್ಟಿಗೆಯೊಳಗಿನ ಉಪ್ಪೂ ಹಾಗೇ. ಹಗಲು ಫಲಕದ ಕರೆಂಟಿಗೆ ಕರಗುತ್ತೆ, ಸಂಜೆ ಗಟ್ಟಿಯಾಗ್ತಾ ಬಿಸಿ ಬಿಡುತ್ತೆ. ನಿಮ್ಮದು ಬಿಡ್ತಾ ಇಲ್ಲ. ಯಾಕೆ ಅಂತ..."

ಮಾತಾಡುತ್ತಲೇ ಒಳಗೆ ಕಾಲಿಟ್ಟ ನಫೀಸಾ ಅಲ್ಲೇ ನಿಂತುಬಿಟ್ಟರು. ಕೋಣೆಯಲ್ಲಿ ಗೋಡೆಯೇ ಇರಲಿಲ್ಲ! ಇದ್ದದ್ದೆಲ್ಲ ಕಂಬಳಿ. ಬಾಣಂತಿ ಬರುವ ಮುಂಚೆ ನಾಲ್ಕೂ ಗೋಡೆಗೆ ಕರಿಕಂಬಳಿ ಹೊಡೆಯುವುದು ಆ ಮನೆತನದ ಪದ್ಧತಿ. ಗೋಡೆಯ ಶೀತ ಹಸಿಮೈಗೆ ತಾಗಬಾರದಲ್ಲ! ಮಂಚದ ಹಿಂದಿನ ಗೋಡೆಗಂತೂ, ಮಗಳು ಒರಗುವ ಜಾಗವೆಂದು, ಕಂಬಳಿಯ ಮೇಲೆ ಒಂದು ಹತ್ತಿಯ ಹಾಸಿಗೆಯನ್ನೂ ಕಟ್ಟಿದ್ದರು. ಬಿಸಿಲುಗೋಡೆ ಇದ್ದದ್ದೇ ಅಲ್ಲಿ.

ನಫೀಸಾ ಹಾಸಿಗೆಯ ಹಿಂದೆ ಕೈ ತೂರಿಸಿದರು. ಅವರ ಮುಖ ಅರಳಿತು.

"ಇಲ್ಲಿ ಕೈ ಹಾಕಿ ನೋಡಿ."

ದಾಕ್ಷಾಯಿಣಮ್ಮ ಕೈ ಹಾಕಿದರು. ಆಗತಾನೇ ಇಳಿಸಿದ ಅನ್ನದ ಪಾತ್ರೆ ಮುಟ್ಟಿದ ಹಾಗಿತ್ತು.

"ಅಯ್ಯೋ ಶಿವನೇ! ನನ್ನ ಬುದ್ಧಿಗಿಷ್ಟು! ಬಿಸಿಯನ್ನ ಹೊರಗೆ ಬಾರದ ಹಾಗೆ ನಾನೇ ಕಟ್ಟಿಹಾಕಿದ್ನಲ್ಲ!"

"ಅಮ್ಮ, ಗೋಡೆಗೇ ಬಾಣಂತನ ಮಾಡಿದ್ದೀಯ" ಎಂದು ಮಂಚದ ಮೇಲಿನಿಂದ ಇಂಚರ ನಕ್ಕಳು. ಆ ದಿನ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಮೂವರೂ ನಕ್ಕರು, ದಾಕ್ಷಾಯಿಣಮ್ಮನವರಿಗೆ ನಗುತ್ತಲೇ ಕಣ್ಣೀರು ಬಂತು.

"ತಪ್ಪು ನಿಮ್ಮದಲ್ಲ" ಎಂದರು ನಫೀಸಾ, ಹಾಸಿಗೆಯ ಗಂಟು ಬಿಚ್ಚುತ್ತ. "ಮಳೆ, ಮಂಜು, ಮಕ್ಕಳ ಚೆಂಡಿನ ಪೆಟ್ಟು ಎಲ್ಲ ಯೋಚಿಸಿದ್ದೆ. ಬಾಣಂತಿ ಕೋಣೆ ಒಂದು ನನ್ನ ತಲೆಗೆ ಹೊಳೀಲೇ ಇಲ್ಲ, ನೋಡಿ. ನಾನೂ ಎರಡು ಹೆತ್ತವಳೇ!"

ಕಂಬಳಿ ಕಳಚಿ ಬಿದ್ದ ಸ್ವಲ್ಪ ಹೊತ್ತಿಗೆಲ್ಲ ಬಿಸಿ ಕೋಣೆಗೆ ಹಬ್ಬತೊಡಗಿತು. ಕೆಂಡವಿಲ್ಲದ್ದರಿಂದ ಕಿಟಕಿಯನ್ನು ಒಂದಿಷ್ಟು ತೆರೆದಿಡಲೂ ಭಯವಿರಲಿಲ್ಲ. ಮೊದಲು ಇಂಚರಳ ಕೆನ್ನೆ ಕೆಂಪೇರಿತು, ಆಮೇಲೆ ಕೂಸಿನ ಕೈ, ಕೊನೆಗೆ ಆ ಪುಟ್ಟ ಅಂಗಾಲು. ದಾಕ್ಷಾಯಿಣಮ್ಮ ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಇನ್ನೂ ನಂಬಿಕೆ ಬಾರದೆ ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತರು. ಕೂಸು ಬಾಯಿ ತೆರೆದು ಆಕಳಿಸಿ ನಿದ್ದೆಹೋಯಿತು.

ಕಾಫಿ ಕೊಡುವಾಗ ದಾಕ್ಷಾಯಿಣಮ್ಮ ಕೇಳಿದರು: "ಡಾಕ್ಟ್ರಮ್ಮ, ಈ ಉಪ್ಪನ್ನ ನೀವು ಎಲ್ಲಿಂದ ತಂದ್ರಿ?"

"ಹೊಸದೇನಲ್ಲಮ್ಮ. ತುಂಬ ಹಿಂದಿನಿಂದಲೂ ಗೊತ್ತಿದ್ದ ಉಪ್ಪು. ಹತ್ತಾರು ಸಲ ಕರಗಿಸಿದರೆ ತಳಕ್ಕಿಳಿದು ಹಾಳಾಗ್ತಿತ್ತು. ಹಾಗಾಗದಂತೆ ಅಂಟು ಬೆರೆಸಿದ್ದು ಮಾತ್ರ ನಾನು."

"ಆ ಅಂಟು ಏನು?"

"ಗೋರಿಕಾಯಿ ಬೀಜದ್ದು."

ದಾಕ್ಷಾಯಿಣಮ್ಮ ಕೂಸಿನ ಹೊದಿಕೆ ಸರಿಮಾಡಿದರು.

"ನಮ್ಮಕ್ಕ ಹೋಗಿದ್ದು ಎರಡು ಸಾವಿರದ ಇಪ್ಪತ್ತಾರರಲ್ಲಿ. ಆಗ ಈ ಫಲಕ ಇತ್ತಾ?"

"ಇತ್ತಮ್ಮ. ಊರೂರಲ್ಲೂ ಇತ್ತು."

"ಉಪ್ಪು? ಗೋರಿಕಾಯಿ?"

ನಫೀಸಾ ಲೋಟ ಕೆಳಗಿಟ್ಟು, ಅವೂ ಇದ್ದವೆಂದು ತಲೆಯಾಡಿಸಿದರು.

"ಬಿಸಿಲಂತೂ ಇತ್ತು, ನನಗೇ ಗೊತ್ತು" ಎಂದರು ದಾಕ್ಷಾಯಿಣಮ್ಮ. "ಅಕ್ಕನ್ನ ಅಂಗಳದಲ್ಲಿ ಮಲಗಿಸಿದಾಗ ಮುಖದ ಮೇಲೆಲ್ಲ ಬಿಸಿಲಿತ್ತು. ಎಷ್ಟು ಬೆಚ್ಚಗಿತ್ತು ಗೊತ್ತಾ, ಡಾಕ್ಟ್ರಮ್ಮ?"