ಟೆಂಪೊ ಹತ್ತಿದ ರೂಟರ್

“ನಂಗ ನಾಕು ಆಂಟೆನಾದ್ದ ಬೇಕು,” ಎಂದು ಫಿಜಾ ಹಟ ಹಿಡಿದಳು. ಗೆಳತಿ ಮಧುವಿನ ಮನೆಯಲ್ಲಿ ಅಂಥದ್ದೇ ರೂಟರ್ ಇತ್ತಲ್ಲ!

ಬೈಲಹೊಂಗಲದ ಅಂಗಡಿಯ ಬಸಲಿಂಗಪ್ಪ ಡಬ್ಬಿ ತೆಗೆಯಲೇ ಇಲ್ಲ. ಇದನ್ನು ಎಲ್ಲಿ ಇಡುತ್ತೀರಿ ಎಂದು ಮೊದಲು ವಿಚಾರಿಸಿದ.

ಫಿಜಾಳ ಅಮ್ಮಿ ಸಾಯಿರಾ ಬಳೆ ಮಾರುವವಳು. ಭಾನುವಾರ ಬಂತೆಂದರೆ ಅಬ್ಬಾನ ಟೆಂಪೊದಲ್ಲಿ ಬಳೆ ತುಂಬಿಕೊಂಡು ಊರೂರು ಸುತ್ತುತ್ತಾಳೆ. ಫಿಜಾಳೂ ಜೊತೆಗೆ. ಆದರೆ ಅದೇ ದಿನ ಹತ್ತು ಗಂಟೆಗೆ ಅವಳ ಆನ್‌ಲೈನ್ ಚಿತ್ರಕಲೆ ಕ್ಲಾಸು. ಅಮ್ಮಿಯ ಫೋನಿನ ಹಾಟ್‌ಸ್ಪಾಟ್ ಹಾಕಿ ಟ್ಯಾಬ್ ಹಿಡಿದು ಕೂತರೆ, ಫೋನಿನ ಚಾರ್ಜ್ ಅರ್ಧಕ್ಕೇ ಮುಗಿಯುತ್ತಿತ್ತು. ಚಿತ್ರ ತೋರಿಸುವ ಸರದಿ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ. ಪಾಪ, ಎಷ್ಟು ಸಲ ಅತ್ತಿದ್ದಳೋ!

“ಟೆಂಪೊದಾಗ ಇದರ ಪ್ಲಗ್ ಎಲ್ಲಿ ಹಾಕ್ತಿ ತಂಗಿ?” ಎಂದ ಬಸಲಿಂಗಪ್ಪ.

ಆಂಟೆನಾ ನಾಲ್ಕಿದ್ದರೇನು, ನಲವತ್ತಿದ್ದರೇನು, ಕರೆಂಟ್ ಬೇಕಲ್ಲ!

ಅವನು ಅಂಗೈಯಷ್ಟು ಚಿಕ್ಕದೊಂದನ್ನು ಮುಂದಿಟ್ಟ. ಒಳಗೇ ಸಿಮ್, ಒಳಗೇ ಬ್ಯಾಟರಿ. ಮನೆಗೂ ಆಯಿತು, ದಾರಿಗೂ ಆಯಿತು. ಫಿಜಾಳ ಮುಖ ಸಣ್ಣದಾಯಿತು.

ಬಳೆ ತೋರಿಸುವ ಮೊದಲು ಗಿರಾಕಿಯ ಕೈ ಅಮುಕಿ ನೋಡುವುದು ಅಮ್ಮಿಯ ರೂಢಿ. “ಇವರೂ ಕೈ ನೋಡಿನ ಬಳಿ ಕೊಡಾಕತ್ತಾರ,” ಎಂದು ಪಕ್ಕದಲ್ಲಿದ್ದ ಅವಳು ನಕ್ಕಳು. ಅಂದದ ಬಳೆ ಕೈಗೇರದೆ ಅಳುವ ಹುಡುಗಿಯರನ್ನು ಫಿಜಾ ಬೇಕಾದಷ್ಟು ನೋಡಿದ್ದಳು. ಆಯಿತೆಂದು ತಲೆಯಾಡಿಸಿದಳು. ಹಳ್ಳಿಗಳಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆಂದು ಕೇಳಿ, ಅದನ್ನೇ ಹಾಕಿಸಿಕೊಂಡರು.

ಭಾನುವಾರ ಮನೋಳಿಯಲ್ಲಿ ಬೇವಿನ ಮರದಡಿ ಟೆಂಪೊ ನಿಂತಿತು. ಕ್ಲಾಸು ಒಮ್ಮೆಯೂ ನಿಲ್ಲಲಿಲ್ಲ. ಫಿಜಾ ತಾನು ಬರೆದ ಹೊಳೆಯ ಚಿತ್ರ ತೋರಿಸಿದಳು. ಟೀಚರ್ ಭೇಷ್ ಎಂದರು. ಅವಳಿಗೆ ಹಿಡಿಸಲಾರದಷ್ಟು ಖುಷಿ.

ಆಗ ಅಮ್ಮಿಗೆ ಫೋನ್ ಬಂತು. ಅಮ್ಮಿ ಸ್ಪೀಕರ್ ಹಾಕಿದಳು. ಹೂಲಿಯ ಚನ್ನವ್ವ, ಹಳೆಯ ಗಿರಾಕಿ.

“ಐತವಾರ ಈ ಹೊತ್ತಿಗೆ ಫೋನ್ ಮಾಡಿದ್ರ ಕಟ್ ಮಾಡತಿದ್ರಿ. ಇವತ್ತರ ಎತ್ತಿದ್ರಲ್ಲ. ಎರಡ ಸಲ ಬ್ಯಾರೆಯವರ ಕಡೆ ಬಳಿ ಇಟ್ಕೊಂಡೇನಿ ನೋಡ್ರಿ.”

“ಏನರ ಕೆಲಸ ಇರತಿತ್ರಿ ಅಕ್ಕಾರ,” ಎಂದಳು ಅಮ್ಮಿ.

ಫಿಜಾಳ ಕುಂಚ ನಿಂತಿತು. ಹಾಟ್‌ಸ್ಪಾಟ್ ಹಾಕಿದಾಗ ಅಮ್ಮಿ ಫೋನ್ ಎತ್ತಿದರೆ ನೆಟ್ ನಿಲ್ಲುತ್ತಿತ್ತು. ತನ್ನ ಕ್ಲಾಸು ನಿಲ್ಲಬಾರದೆಂದೇ ಅಮ್ಮಿ ಕರೆ ಕಟ್ ಮಾಡುತ್ತಿದ್ದಳು, ಬೇರೆ ಯಾವ ಕೆಲಸಕ್ಕೂ ಅಲ್ಲ.

ಫೋನ್ ಮತ್ತೆ ರಿಂಗಾಯಿತು. ಅಮ್ಮಿಯ ಎರಡೂ ಕೈ ಬಳೆ ತೊಡಿಸುವುದರಲ್ಲಿದ್ದವು. ಫಿಜಾ ಟ್ಯಾಬ್ ಪಕ್ಕಕ್ಕಿಟ್ಟು ಇಳಿದು ಬಂದಳು. ಫೋನ್ ಎತ್ತಿ ಅಮ್ಮಿಯ ಕಿವಿಗೆ ಹಿಡಿದು, ಮಾತು ಮುಗಿಯುವ ತನಕ ಹಾಗೆಯೇ ನಿಂತಳು.