ಕೊಟ್ಟೂರಿನ ಗುಲಾಬಿ ಹನಿ

ಆ ಬೆಳಗ್ಗೆ ಕೊಟ್ಟೂರಿನ ಮೇಲೆ ಮಂಜು ಬಿದ್ದಿತ್ತು. ಮಾರ್ಗಶಿರದ ಚಳಿ. ಜೋಳದ ಹೊಲ ಕಾಣುತ್ತಿರಲಿಲ್ಲ, ಊರ ಮುಂದಿನ ಬೇವಿನ ಮರ ಕಾಣುತ್ತಿರಲಿಲ್ಲ. ಬಿಳಿ ಕಂಬಳಿಯ ಒಳಗಿನಿಂದ ಕುರಿಗಳ ದನಿ ಮಾತ್ರ ಬರುತ್ತಿತ್ತು. ಮುಂದಿನದನ್ನು ಬಲ್ಲವನು ಊರದೇವರು ಕೊಟ್ರಯ್ಯ ಒಬ್ಬನೇ ಎಂದು ಹಿರಿಯರು ಹೇಳಿದ್ದು ಇಂಥದೇ ಒಂದು ಬೆಳಗನ್ನು ನೋಡಿ ಇರಬೇಕು.

ಅದು ಸಾವಿರದ ಒಂಬೈನೂರ ಎಪ್ಪತ್ತೆಂಟನೆಯ ಇಸವಿ.

ಆ ಮಂಜಿನಲ್ಲಿ ಒಬ್ಬ ಹೆಣ್ಣುಮಗಳು ಥರ್ಮಾಸ್ ಫ್ಲಾಸ್ಕನ್ನು ಎದೆಗವಚಿಕೊಂಡು ಪಶು ಆಸ್ಪತ್ರೆಯ ಗೇಟು ದೂಡಿದಳು.

"ಡಾಕ್ಟ್ರು ಅದಾರೇನ್ರಿ?"

ಅಂಗಳದಲ್ಲಿ ಒಬ್ಬ ಯುವಕ ಕುರಿಯ ಹಿಂದೆ ಮೊಣಕಾಲೂರಿ ಕುಳಿತಿದ್ದ. ತಲೆ ಎತ್ತದೆಯೇ ಅಂದ, "ಇದು ದನದ ದವಾಖಾನಿರಿ. ಮಂದಿ ದವಾಖಾನಿ ಬಸ್ ಸ್ಟ್ಯಾಂಡ್ ಕಡಿ ಐತಿ."

"ಗೊತ್ತೈತ್ರಿ. ಅಲ್ಲಿ ಫ್ರಿಜ್ ಕೆಟ್ಟೈತಿ. ನನಗ ನಿಮ್ಮ ಫ್ರಿಜ್ ಬೇಕು."

"ಅದ್ರಾಗ ಏನಿಡ್ತೀರಿ? ಮಸರೇನು?"

"ಹೆಣ್ಣುಮಕ್ಕಳ ರಕ್ತ."

ಈಗ ಅವನು ತಲೆ ಎತ್ತಿದ!

ಅಷ್ಟರಲ್ಲಿ ಕುರಿ ಸತ್ತ ಮರಿಯೊಂದನ್ನು ಹಾಕಿತು. ಪಕ್ಕದಲ್ಲಿ ನಿಂತಿದ್ದ ಕುರಿಯ ಒಡತಿ ಹಂಪಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫ್ಲಾಸ್ಕನ್ನು ಕೆಳಗಿಟ್ಟ ಹುಡುಗಿ ಸಹಾಯಕ್ಕೆಂದು ಬಗ್ಗಿ ಮರಿಯ ಕಡೆ ಕೈ ಚಾಚಿದಳು.

"ಮುಟ್ಟಬ್ಯಾಡ್ರಿ!"

ಅವನು ತನ್ನ ಮೊಣಕೈಯನ್ನೇ ಅಡ್ಡ ಹಿಡಿದು ಅವಳನ್ನು ಹಿಂದೆ ಸರಿಸಿದ್ದ. ರಬ್ಬರ್ ಕೈಗವಸಿನ ಮೇಲೆ ರಕ್ತ. ಕಣ್ಣಿನಲ್ಲಿ ಮಾತ್ರ ಸಿಟ್ಟಿರಲಿಲ್ಲ... ಭಯ ಇತ್ತು. ಅವಳಿಗಾಗಿ ಭಯ.

"ಇದು ಕಂದು ಹಾಕೋ ರೋಗರಿ. ಮನುಷ್ಯಾರಿಗೂ ಅಂಟತೈತಿ."

"ಅಂಟಿದ್ರ?"

"ಜ್ವರ ಬರತೈತಿ, ಕೀಲು ನೋಯ್ತಾವು. ಬಸುರಿ ಆಗಿದ್ರ..." ಅವನು ಹಂಪಕ್ಕನ ಕಡೆ ನೋಡಿ ಮಾತು ನುಂಗಿದ.

ಹಂಪಕ್ಕ ಮೆಲ್ಲಗೆ ಅಂದಳು, "ನನಗೂ ಹಿಂಗ ಮೂರು ಸಲ ಆತಲ್ರಿ... ನನ್ನ ಕುರಿನೂ ನನ್ನಂಗ ಆತು."

ಆ ಮಾತು ಕೇಳಿ ಹುಡುಗಿ ಕುರಿಯನ್ನೊಮ್ಮೆ, ಹಂಪಕ್ಕನನ್ನೊಮ್ಮೆ ನೋಡಿದಳು.

ಅವಳ ಹೆಸರು ಸುಂಕಮ್ಮ. ಹರಪನಹಳ್ಳಿಯ ಎಣ್ಣೆ ಗಿರಣಿಯ ಕೂಲಿಯ ಮಗಳು. ಓದಿ ಡಾಕ್ಟರಾಗಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧಕಿಯಾಗಿದ್ದಳು. ಈ ಸೀಮೆಯ ಹೆಣ್ಣುಮಕ್ಕಳ ಬಸಿರು ಯಾಕೆ ಪದೇ ಪದೇ ಇಳಿದುಹೋಗುತ್ತದೆ? ಎರಡು ವರ್ಷದಿಂದ ಅವಳನ್ನು ಕಾಡುತ್ತಿದ್ದ ಪ್ರಶ್ನೆ ಇದೊಂದೇ. ಮಲೇರಿಯಾ ನೋಡಿದ್ದಳು, ಗುಹ್ಯರೋಗ ನೋಡಿದ್ದಳು. ಯಾವುದೂ ಉತ್ತರ ಹೇಳಿರಲಿಲ್ಲ.

ಉತ್ತರ ಕುರಿಯ ಹಟ್ಟಿಯಲ್ಲಿ ಇರಬಹುದೆ? ದೇವರೇ...!

"ಕುರಿಗೆ ಈ ರೋಗ ಐತಂತ ಹೆಂಗ ಗೊತ್ತು ಮಾಡ್ತೀರಿ?"

"ಬರ್ರಿ, ತೋರಿಸ್ತೀನಿ."

ಕೈ ತೊಳೆದು ಬಂದ ಪಶುವೈದ್ಯ ಉಚ್ಚಂಗೆಪ್ಪ ಬಿಳಿ ತಟ್ಟೆಯ ಮೇಲೆ ಕುರಿಯ ರಕ್ತದ ತಿಳಿಯನ್ನು ಒಂದು ಹನಿ ಬಿಟ್ಟ. ಅದಕ್ಕೆ ಗುಲಾಬಿ ಬಣ್ಣದ ದ್ರಾವಣದ ಒಂದು ಹನಿ ಬೆರೆಸಿ ತಟ್ಟೆಯನ್ನು ತೂಗಿದ. ತುಸು ಹೊತ್ತಿಗೆ ಹನಿ ಒಡೆದ ಹಾಲಿನ ಹಾಗೆ ಕಾಳು ಕಾಳಾಯಿತು.

"ಗಟ್ಟಿ ಆದ್ರ ರೋಗ ಐತಿ. ನೀರಾಗೇ ಉಳಿದ್ರ ಇಲ್ಲ. ಇಷ್ಟ ನೋಡ್ರಿ ನಮ್ಮ ವಿದ್ಯಾ."

ಇಬ್ಬರ ತಲೆಯೂ ಒಂದೇ ತಟ್ಟೆಯ ಮೇಲೆ ಬಗ್ಗಿತ್ತು. ಅವನ ಉಸಿರು ತನ್ನ ಕೆನ್ನೆಗೆ ತಾಕಿದ್ದು ಸುಂಕಮ್ಮನಿಗೆ ಆಮೇಲೆ ತಿಳಿಯಿತು... ತಿಳಿದ ಮೇಲೆ ಮರೆಯಲಾಗಲಿಲ್ಲ.

ಮುಂದಿನ ಮೂರು ವಾರ ಇಬ್ಬರೂ ಹಟ್ಟಿ ಹಟ್ಟಿ ತಿರುಗಿದರು. ಇಪ್ಪತ್ತು ಮನೆ ಆರಿಸಿದರು. ಮನೆಗೊಬ್ಬ ಹೆಣ್ಣುಮಗಳ ರಕ್ತ, ಅದೇ ಮನೆಯ ಒಂದು ಕುರಿಯ ರಕ್ತ. ಅವಳು ರಕ್ತ ತೆಗೆದರೆ ಅವನು ಸೀಸೆಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿ ಹೆಸರು ಬರೆಯುವನು. ಅವನು ಕುರಿಗೆ ಸೂಜಿ ಚುಚ್ಚುವಾಗ ಅವಳು ಮನೆಯ ಒಳಗೆ ಹೆಂಗಸರ ಕಷ್ಟ ಕೇಳುತ್ತ ಕೂರುವಳು. ಯಾರ ಬಸಿರು ಎಷ್ಟು ಸಲ ಇಳಿಯಿತು ಎಂಬುದು ಅವಳ ನೋಟುಬುಕ್ಕಿನಲ್ಲಿ ಮಾತ್ರ ಇತ್ತು. ಹೆಣ್ಣಿನ ಗುಟ್ಟು, ಅದನ್ನು ಅವಳು ಅವನಿಗೂ ತೋರಿಸಲಿಲ್ಲ.

ಹಂಪಕ್ಕನ ಅತ್ತೆ ದುರುಗಮ್ಮ ಕಟ್ಟೆಯ ಮೇಲೆ ಕುಳಿತು ಕುಟುಕುತ್ತಿದ್ದಳು. "ಕುರಿ ಡಾಕ್ಟ್ರಿಗೂ ಮಂದಿ ಡಾಕ್ಟ್ರಮ್ಮಗೂ ಎಲ್ಲಿಂದೆಲ್ಲಿಗೆ ಗಂಟು ಬಿತ್ತಲೇ ಯವ್ವಾ!"

ಸುಂಕಮ್ಮ ಕೆಂಪಾದಳು. ಉಚ್ಚಂಗೆಪ್ಪ ಕುರಿಯ ಕಿವಿಯಲ್ಲಿ ಏನೋ ಹುಡುಕತೊಡಗಿದ.

"ಬಸುರಿಗೆ ಬಲ ಬರ್ಲಿ ಅಂತ ಕರೆದ ಕುರಿ ಹಾಲು ಕಾಸದ ಹಂಗ ಕುಡಿಸೀನಿ, ಮೂರು ಸಲನೂ. ಆದ್ರೂ ಈಕಿ ಹೊಟ್ಟಿ ನಿಂದ್ರಲಿಲ್ಲ," ಎಂದು ಮುದುಕಿ ಸೊಸೆಯ ಕಡೆ ಕೈ ಮಾಡಿದಳು. "ಯುಗಾದಿ ಮುಗೀಲಿ. ನನ್ನ ಮಗಗ ಇನ್ನೊಬ್ಬಾಕಿನ್ನ ತರ್ತೀನಿ."

"ಯುಗಾದಿತನ ತಡೀರಿ ಅವ್ವಾ," ಎಂದಳು ಸುಂಕಮ್ಮ. "ತಪ್ಪು ಹಂಪಕ್ಕಂದಲ್ಲ ಅಂತ ನಾ ತೋರಿಸ್ತೀನಿ."

ಹೇಳಿದ್ದು ದೊಡ್ಡ ಮಾತು. ಆ ಮಾತಿನ ಭಾರ ಹೊತ್ತುಕೊಂಡೇ ಅವಳು ಒಂದು ಬೆಳಗ್ಗೆ ಮೊದಲ ಬಸ್ಸಿಗೆ ಹೊರಟಳು. ಉಚ್ಚಂಗೆಪ್ಪ ಹಸು ಈಯಿಸಲು ಹೋಗಿದ್ದ. ಫ್ರಿಜ್ಜು ತೆರೆದು, ಹೆಂಗಸರ ಹೆಸರಿದ್ದ ಇಪ್ಪತ್ತು ಸೀಸೆಯ ತಟ್ಟೆಯನ್ನು ತೆಗೆದು ಐಸಿನ ಡಬ್ಬಿಗಿಟ್ಟು ಓಡಿದಳು.

ಬೆಂಗಳೂರಿನಲ್ಲಿ ಇಪ್ಪತ್ತರಲ್ಲಿ ಹದಿನಾಲ್ಕು ಹನಿ ಗಟ್ಟಿಯಾದವು!

ಅವಳು ಕುಣಿಯುವುದೊಂದು ಬಾಕಿ. ಪ್ರಯೋಗಾಲಯದ ಮುಖ್ಯಸ್ಥರು ಮಾತ್ರ ಕನ್ನಡಕ ಸರಿ ಮಾಡಿಕೊಂಡು, "ಇದು ಅತಿಯಾಯ್ತಮ್ಮ," ಎಂದರು. ಆ ಹದಿನಾಲ್ಕರಲ್ಲಿ ಐವರ ರಕ್ತವನ್ನು ಬೇರೆಯವರಿಂದ ಮತ್ತೆ ತರಿಸಿದರು. ಗಟ್ಟಿಯಾದದ್ದು ಒಂದೇ ಒಂದು ಹನಿ, ಹಂಪಕ್ಕನದು. ಉಳಿದ ನಾಲ್ಕೂ ನೀರಾಗಿಯೇ ಉಳಿದವು.

"ಅಂಕಿಗಳನ್ನು ನೀವೇ ಹುಟ್ಟಿಸಿದಿರಾ? ತಿಂಗಳ ಕೊನೆಯೊಳಗೆ ವಿವರಣೆ ಕೊಡಿ. ಇಲ್ಲದಿದ್ದರೆ ಈ ಅಧ್ಯಯನ ಇಲ್ಲಿಗೇ ಮುಗಿಯಿತು."

ಸುಂಕಮ್ಮನಿಗೆ ನೆಲವೇ ಸಿಗಲಿಲ್ಲ. ಸೀಮೆಎಣ್ಣೆಯ ಫ್ರಿಜ್ಜಿನ ದೀಪ ಆರಿ ರಕ್ತ ಕೆಟ್ಟಿರಬೇಕು! ಅವನು ನೋಡಿಕೊಳ್ಳಲಿಲ್ಲ... ಹೇಳಲೂ ಇಲ್ಲ! ಕಣ್ಣೀರಿನಲ್ಲೇ ಪಶುವೈದ್ಯ ಇಲಾಖೆಗೆ ಒಂದು ಪತ್ರ ಬರೆದಳು. ಕೊಟ್ಟೂರಿನ ವೈದ್ಯರ ನಿರ್ಲಕ್ಷ್ಯದಿಂದ ಮಾದರಿಗಳು ಕೆಟ್ಟಿವೆ ಎಂದು.

ಹತ್ತು ದಿನ ಬಿಟ್ಟು ಅವಳು ಕೊಟ್ಟೂರಿಗೆ ಬಂದಾಗ ಉಚ್ಚಂಗೆಪ್ಪ ಟ್ರಂಕು ಕಟ್ಟುತ್ತಿದ್ದ.

"ನನ್ನ ಸೀಸೆಗಳಿಗೆ ಏನು ಮಾಡಿದಿರಿ? ನಿಜ ಹೇಳಿ!"

"ಸಿಟ್ಟು ಬಂದ್ರ ಬೆಂಗ್ಳೂರು ಕನ್ನಡ ಮಾತಾಡ್ತೀರಲ್ರಿ," ಎಂದು ಅವನು ನಗಲು ನೋಡಿದ. ನಗು ಬರಲಿಲ್ಲ. "ಬರ್ದು ಕಳ್ಸಿದ ಮ್ಯಾಲ ಕೇಳಾಕ ಬಂದೀರೇನು? ನನಗ ಹಿರೇಹಡಗಲಿಗೆ ವರ್ಗ ಆಗೈತಿ. ಸೇವಾ ಪುಸ್ತಕದಾಗ ಕೆಂಪು ಸಾಲು ಬಿದ್ದೈತಿ."

"ಫ್ರಿಜ್ ಆರಿಲ್ಲಂತೀರೇನು?"

"ನಿಮ್ಮ ಸೀಸೆ ಇದ್ದಷ್ಟು ದಿನ ನಾ ಮನಿಗೆ ಹೋಗಿಲ್ರಿ. ಫ್ರಿಜ್ಜಿನ ಸೀಮೆಎಣ್ಣಿ ದೀಪ ಆರಬಾರ್ದಂತ ಇಲ್ಲೇ ಬೆಂಚಿನ ಮ್ಯಾಲ ಮಲಗೀನಿ." ಅವನ ದನಿ ಇಳಿಯಿತು. "ಯಾಕ ಮಲಗಿದ್ನೋ... ಅದು ನಿಮಗ ಬ್ಯಾಡ ಬಿಡ್ರಿ."

ಅವಳು ಹೊರಬಿದ್ದಳು. ಅವನು ಸುಳ್ಳಾಡುವವನಲ್ಲ ಎಂದು ಮನಸ್ಸು ಹೇಳುತ್ತಿತ್ತು. ಲೆಕ್ಕ ಬೇರೆಯೇ ಹೇಳುತ್ತಿತ್ತು. ಹಂಪಕ್ಕನಿಗೆ ಮುಖ ತೋರಿಸಿ, 'ಸೋತೆನಮ್ಮ' ಅಂದುಬಿಡೋಣ ಎಂದು ಅವಳ ಮನೆಗೆ ನಡೆದಳು.

ಹಂಪಕ್ಕ ಹಿತ್ತಲಲ್ಲಿ ತನ್ನ ಕುರಿಗೆ ಮುದ್ದೆ ತಿನ್ನಿಸುತ್ತಿದ್ದಳು.

"ಉಚ್ಚಂಗೆಪ್ಪಣ್ಣ ನನ್ನ ಕುರಿಗೆ ರೋಗ ಐತಂತ ಹೇಳ್ಯಾನ್ರಿ. ಮಾರಿಬಿಡು ಅಂತ ಅತ್ತಿ ಅಂತಾಳ. ಇದು ನನ್ನ ಬಳುವಳಿ ಕುರಿ! ನನ್ನ ತವರಿನೋರು ಕೊಟ್ಟಿದ್ದು. ದವಾಖಾನಿ ಪುಸ್ತಕದಾಗೂ ನನ್ನ ಹೆಸರ್ಲೆ ಐತಿ."

ಸುಂಕಮ್ಮ ಥಟ್ಟನೆ ನಿಂತಳು.

"ನಿನ್ನ ಹೆಸರ್ಲೆ? ನಿನ್ನ ಗಂಡನ ಹೆಸರ್ಲೆ ಅಲ್ಲೇನು?"

"ಗಂಡನ ಹೆಸ್ರು ಬರೆಸಿದ್ರ ನಾಳೆ ಅವ್ನು ಮಾರಿ ತಿಂತಾನಷ್ಟ! ನಮ್ಮ ಕಡಿ ಎಲ್ಲಾ ಹಟ್ಟ್ಯಾಗೂ ಬಳುವಳಿ ಕುರಿ ಹೆಂಗಸ್ರ ಹೆಸರ್ಲೇ ಬರಿಸ್ತೀವ್ರಿ. ರಕ್ತದ ಸೀಸೆ ಮ್ಯಾಲೂ 'ಹಂಪಕ್ಕ' ಅಂತ್ಲೇ ಬರ್ದಾನ."

ಒಡತಿಯ ಹೆಸರು! ಕುರಿಯ ಸೀಸೆಯ ಮೇಲೆ ಗಂಡಸರ ಹೆಸರೇ ಇರುತ್ತದೆ ಎಂದು ಅವಳು ತಿಳಿದಿದ್ದಳು. ಫ್ರಿಜ್ಜಿನಲ್ಲಿ ಎರಡು ತಟ್ಟೆ... ಎರಡರ ಮೇಲೂ ಅದೇ ಇಪ್ಪತ್ತು ಹೆಂಗಸರ ಹೆಸರು, ಒಬ್ಬನದೇ ಕೈಬರಹ! ಅವಳು ಬೆಂಗಳೂರಿಗೆ ಹೊತ್ತದ್ದು ಕುರಿಗಳ ರಕ್ತವನ್ನು!

ಹಾಗಾದರೆ ಇಲ್ಲಿ ಉಳಿದದ್ದು?

ಕಾಲಿಗೆ ಚಪ್ಪಲಿ ಇದೆಯೋ ಇಲ್ಲವೋ ನೋಡದೆ ಓಡಿದಳು. "ಡಾಕ್ಟ್ರೇ! ಉಳಿದ ತಟ್ಟಿ ಪರೀಕ್ಷಾ ಮಾಡಿದ್ರೇನು?"

"ಕುರಿವಾ? ಹೂಂ, ನೀವು ಹೋದ ಮರುದಿನ. ಯಾಕ್ರಿ?"

"ಪುಸ್ತಕ ತೆಗೀರಿ!"

ಅವನು ರಿಜಿಸ್ಟರ್ ತೆಗೆದ. ಏಳು ಹೆಸರಿನ ಮುಂದೆ 'ಗಟ್ಟಿ' ಎಂದಿತ್ತು. ಸುಂಕಮ್ಮ ತನ್ನ ನೋಟುಬುಕ್ಕು ಬಿಚ್ಚಿದಳು. ಬಸಿರು ಪದೇ ಪದೇ ಇಳಿದ ಹೆಣ್ಣುಮಕ್ಕಳು ಎಂಟು ಜನ. ಅವನ ಏಳೂ ಹೆಸರು ಆ ಎಂಟರೊಳಗಿದ್ದವು! ಮುಖ್ಯಸ್ಥರು ಮತ್ತೆ ಪರೀಕ್ಷಿಸಿದ ಐವರನ್ನು ಹುಡುಕಿದಳು. ಹಂಪಕ್ಕ ಗಟ್ಟಿ, ಉಳಿದ ನಾಲ್ವರು ನೀರು. ಬೆಂಗಳೂರಿನ ಫಲಿತಾಂಶ, ಅಕ್ಷರ ತಪ್ಪದೆ.

"ನೀವು ಪರೀಕ್ಷಾ ಮಾಡಿದ್ದು ಹೆಣ್ಣುಮಕ್ಕಳ ರಕ್ತ... ಕುರಿದಂತ ತಿಳ್ದು," ಎಂದಳು ಅವಳು. "ನನ್ನ ಪಟ್ಟಿ ನೀವು ನೋಡಿಲ್ಲ. ನಿಮ್ಮ ಪುಸ್ತಕ ನಾ ನೋಡಿಲ್ಲ. ಇದನ್ನ ಯಾರಿಗೂ ಹುಟ್ಟಿಸಾಕ ಆಗಂಗಿಲ್ರಿ!"

ಮನುಷ್ಯನ ತಪ್ಪನ್ನೇ ದಾರಿ ಮಾಡಿ ಶಿವ ನಡೆದು ಬರುವುದುಂಟು.

"ನನ್ನ ಕ್ಷಮಿಸ್ತೀರೇನ್ರಿ?"

"ಕ್ಷಮಾ ಆಮ್ಯಾಲ," ಎಂದು ಅವನು ರಿಜಿಸ್ಟರನ್ನು ಅವಳ ಕೈಗಿತ್ತ. "ಹರಪನಹಳ್ಳಿ ಬಸ್ಸು ಇನ್ನು ಕಾಲು ತಾಸಿಗೆ ಐತಿ. ಓಡ್ರಿ."

ಮುಖ್ಯಸ್ಥರು ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಒಂದೊಂದೇ ಹೆಸರು ತಾಳೆ ನೋಡಿದರು. ಕೊನೆಗೆ ಕುರ್ಚಿಯಿಂದ ಎದ್ದು ನಿಂತರು. ಕೂಲಿಯ ಮಗಳ ಮುಂದೆ, ಎದ್ದು ನಿಂತರು!

ಅಧ್ಯಯನ ನಿಲ್ಲಲಿಲ್ಲ. ಕೂಡ್ಲಿಗಿಗೆ, ಹಗರಿಬೊಮ್ಮನಹಳ್ಳಿಗೆ, ಹಡಗಲಿಗೆ ಹಬ್ಬಿತು. ಏಳು ಜನಕ್ಕೂ ಔಷಧಿ ಸಿಕ್ಕಿತು. ಯುಗಾದಿಗೆ ಎರಡು ದಿನ ಮುಂಚೆ ಸುಂಕಮ್ಮ ದುರುಗಮ್ಮನ ಒಲೆಯ ಮುಂದೆ ಕುಳಿತು ಎಲ್ಲ ಬಿಡಿಸಿ ಹೇಳಿದಳು. ಮುದುಕಿ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದಳು.

"ಅಂದ್ರ... ನಾ ಕುಡಿಸಿದ ಹಸಿ ಹಾಲು?"

"ನಿಮಗ ಗೊತ್ತಿರ್ಲಿಲ್ಲ ಅವ್ವಾ. ನಮಗೂ ಗೊತ್ತಿರ್ಲಿಲ್ಲ."

ಇನ್ನೊಬ್ಬ ಸೊಸೆಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಎಂಬತ್ತರ ಶ್ರಾವಣದಲ್ಲಿ ಹಂಪಕ್ಕ ಹೆಣ್ಣು ಹೆತ್ತಳು. ಕೂಸಿನ ಅಳು ಮೂರು ಓಣಿಗೆ ಕೇಳಿತು. ದುರುಗಮ್ಮ ಕುಣಿದ ಕುಣಿತ ಆರು ಓಣಿಗೆ!

ಕೂಸನ್ನು ನೋಡಿದ ಮರುದಿನವೇ ಸುಂಕಮ್ಮ ಹಿರೇಹಡಗಲಿಯ ಬಸ್ಸು ಹತ್ತಿದಳು. ಒಂದೂವರೆ ವರ್ಷದಲ್ಲಿ ಅವಳು ಬರೆದ ನಾಲ್ಕು ಪತ್ರಕ್ಕೂ ಅವನಿಂದ ಉತ್ತರ ಬಂದಿರಲಿಲ್ಲ.

ಉಚ್ಚಂಗೆಪ್ಪ ಆಸ್ಪತ್ರೆಯ ಜಗುಲಿಯಲ್ಲಿ ಎಮ್ಮೆಯ ಗೊರಸಿಗೆ ಔಷಧಿ ಹಚ್ಚುತ್ತಿದ್ದ. ಅವಳನ್ನು ಕಂಡು ಡಬ್ಬಿ ಕೈಜಾರಿತು.

"ಪತ್ರ ಮುಟ್ಟಲಿಲ್ಲೇನ್ರಿ?"

"ಮುಟ್ಟಿದ್ವು."

"ಮತ್ತ?"

"ನೀವು ದೊಡ್ಡೋರಾದ್ರಿ. ಪೇಪರ್‌ನ್ಯಾಗ ಹೆಸ್ರು ಬಂತು. ಕುರಿ ಕಾಯೋರ ಮಗ, ನಾ ಏನಂತ ಬರೀಲಿ?"

ಸುಂಕಮ್ಮ ಚೀಲದಿಂದ ಒಂದು ಪತ್ರಿಕೆ ತೆಗೆದು, ಪುಟ ಬಿಡಿಸಿ ಅವನ ಮುಂದೆ ಹಿಡಿದಳು. ಅವಳ ಸಂಶೋಧನೆಯ ಅಚ್ಚಾದ ಲೇಖನ. ಶೀರ್ಷಿಕೆಯ ಕೆಳಗೆ ಎರಡು ಹೆಸರು. ಮೊದಲನೆಯದು ಅವನದು.

"ಪತ್ರಿಕಿಯವ್ರು ನಿಮ್ಮ ಹೆಸ್ರು ಯಾಡ್ ಸಲ ತೆಗೆದು ಹಾಕಿದ್ರು. ನಾ ಯಾಡ್ ಸಲನೂ ಮತ್ತ ಬರದೆ. ಈಗ ಹೇಳ್ರಿ, ದೀಪ ಆರಬಾರ್ದಂತ ಬೆಂಚಿನ ಮ್ಯಾಲ ಯಾಕ ಮಲಗಿದ್ರಿ?"

ಅವನು ಔಷಧಿ ಅಂಟಿದ ಕೈ ಒರೆಸಿಕೊಂಡು ಆ ಎರಡು ಹೆಸರುಗಳ ಮೇಲೆ ಬೆರಳಾಡಿಸಿದ.

"ನೀವು ಮತ್ತ ಬರ್ಲಿ ಅಂತ್ರಿ," ಎಂದ. "ಸೀಸೆ ಕೆಟ್ರ ನೀವು ಬರಂಗಿಲ್ಲಲ್ಲ..."

"ಬಂದೀನಲ್ರಿ." ಅವಳ ಕಣ್ಣು ತುಂಬಿತು. "ಹೋಗಾಕಂತ ಬಂದಿಲ್ಲ."

"ನಮ್ಮವ್ವಗ ಹೇಳ್ಲೇನು?"

"ನಮ್ಮಪ್ಪಗ ನಾ ಹೇಳೇ ಬಂದೀನಿ!"

ಅವನು ನಕ್ಕ. ಮೊದಲ ಸಲ ಬಾಯಿ ತುಂಬ ನಕ್ಕ. ಅವಳು ನಗಲಿಲ್ಲ, ಚೀಲದ ತಳದಿಂದ ಮಡಿಚಿದ ಒಂದು ಸರ್ಕಾರಿ ಹಾಳೆ ತೆಗೆದಳು. ಅವಳ ತಪ್ಪೊಪ್ಪಿಗೆಯನ್ನು ಓದಿ ಇಲಾಖೆ ಹೊರಡಿಸಿದ ಆದೇಶ. ಉಚ್ಚಂಗೆಪ್ಪನ ಸೇವಾ ಪುಸ್ತಕದ ಕೆಂಪು ಸಾಲನ್ನು ಹೊಡೆದುಹಾಕಲಾಗಿತ್ತು.

"ಇದೇನ್ರಿ?"

"ನಿಮ್ಮ ಮಾನ. ನಾ ಕಸ್ಗಂಡಿದ್ದೆ," ಎಂದು ಅವಳು ಹಾಳೆಯನ್ನು ಮೆಲ್ಲಗೆ ಅವನ ಅಂಗೈಯಲ್ಲಿಟ್ಟಳು.