ಗಾಳಿ ಸೋರುವ ಜಾಗ

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ನಮ್ಮ ಗ್ಯಾರೇಜಿನಲ್ಲಿ ಒಂದು ಹಳೆಯ ಡಾನ್ಸ್ ಆರ್ಗನ್ ಇದೆ, ಕುಣಿತದ ಹಾಲುಗಳಲ್ಲಿ ನುಡಿಸುತ್ತಿದ್ದ ಬೀರುವಿನಷ್ಟು ದೊಡ್ಡ ವಾದ್ಯದ ಪೆಟ್ಟಿಗೆ. ಚಕ್ರ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ, ಕೊಳವೆಗಳು ತಾವೇ ಹಾಡಬೇಕು. ಹಾಡುವುದಿಲ್ಲ. ಎಲ್ಲೋ ಗಾಳಿ ಸೋರುತ್ತದೆ. ನಾಲ್ಕು ತಿಂಗಳಲ್ಲಿ ಮೂರು ಸಲ ತಿದಿಯ ತೊಗಲು ಬದಲಿಸಿ ನನಗೆ ತಲೆ ಕೆಟ್ಟುಹೋಗಿತ್ತು.

ಸೋರಿಕೆ ಹುಡುಕಲು ನಾನು ದೇವರ ಮನೆಯ ಊದುಬತ್ತಿಯನ್ನೇ ಹಿಡಿಯುತ್ತೇನೆ. ತೂತಿದ್ದಲ್ಲಿ ಹೊಗೆ ಆಚೆಗೆ ಹಾರುತ್ತದೆ. ಕಳೆದ ಭಾನುವಾರ ಮಧ್ಯಾಹ್ನ, ಚಕ್ರ ನಿಲ್ಲಿಸಿದ ಮೇಲೂ, ಹೊಗೆ ಪೆಟ್ಟಿಗೆಯ ಒಂದು ಬಿರುಕಿನೊಳಕ್ಕೆ ಹೋಯಿತು. ಸ್ವಲ್ಪ ತಡೆದು ಹೊರಗೆ ಬಂತು. ಮತ್ತೆ ಒಳಗೆ, ಮತ್ತೆ ಹೊರಗೆ. ಬಿರುಕಿನ ಮುಂದೆ ಕೈ ಹಿಡಿದೆ. ಬೆಚ್ಚಗಿತ್ತು.

ಅಷ್ಟರಲ್ಲಿ ನನ್ನ ಹೆಂಡತಿ ನಿವೇದಿತಾ ಚಹಾ ತಂದಳು. "ಎಷ್ಟ್ ಊದಿನಕಡ್ಡಿ ಹಚ್ಚತೀರಿ? ಮುಂಜಾನಿಂದ ಒಂದೇ ಸಮ ಕೆಮ್ಮಾಕತ್ತೀರಿ, ಅಡಗಿಮನಿ ತನಕ ಕೇಳ್ತೈತಿ!"

ನಾನು ಒಮ್ಮೆಯೂ ಕೆಮ್ಮಿರಲಿಲ್ಲ.

ಸಿಟ್ಟು ನೆತ್ತಿಗೇರಿ ತಿದಿಗಳನ್ನೆಲ್ಲ ಕಿತ್ತು ಬೆಂಚಿನ ಮೇಲೆ ಹಾಕಿದೆ. ಈಗ ಆ ಪೆಟ್ಟಿಗೆಯಲ್ಲಿ ಗಾಳಿ ಎಳೆಯುವಂಥದ್ದು ಏನೂ ಉಳಿದಿಲ್ಲ. ಆದರೂ ಹೊಗೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು.

ನಿನ್ನೆ ಬೆಳಿಗ್ಗೆ ಒಳಗೆ ಹೋದ ಹೊಗೆ ಮಾತ್ರ ಇನ್ನೂ ಹೊರಗೆ ಬಂದಿಲ್ಲ.